ಬಿಸಿಲು ತಿಂದ ಅರವತ್ತು ಟ್ಯೂಬುಗಳು

ಬೆಳಗಿನ ಆರು ಗಂಟೆ. ಹೊರಗೆ ಬೆಳಕು ಹರಿಯುತ್ತಿದೆ. ಒಳಗೆ ಆಕೆ ಕಿಟಕಿಗೆ ಅಂಟಿಸಿದ ಕಪ್ಪು ಕಾಗದದ ಅಂಚನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಾರೆ. ಎಳ್ಳಷ್ಟು ಬೆಳಕೂ ನುಸುಳಬಾರದು. ಕೋಣೆಯಲ್ಲಿರುವುದು ಮಂಕಾದ ಒಂದು ಹಳದಿ ಬಲ್ಬು, ಮಂಜುಗಡ್ಡೆ ತುಂಬಿದ ಡಬ್ಬಿ, ಗುಂಯ್‌ಗುಡುವ ಯಂತ್ರ. ಆಸ್ಪತ್ರೆಯ ಸಂಶೋಧನಾ ವಿಭಾಗದ ಈ ಲ್ಯಾಬ್ ಟೆಕ್ನಿಷಿಯನ್‌ರನ್ನು ಇಡೀ ಕಟ್ಟಡ ಕರೆಯುವುದು ‘ಕತ್ತಲೆಕೋಣೆ ಅಕ್ಕ’ ಎಂದೇ. “ದೆವ್ವ ಅಂತ ಕರೀಲಿಲ್ವಲ್ಲ, ಪುಣ್ಯ!” ಎಂದು ಅಕ್ಕ ನಗುತ್ತಾರೆ.

ಕರುಳಿನ ಉರಿಯೂತದಿಂದ ನರಳುವವರು ಖಾಲಿ ಹೊಟ್ಟೆಯಲ್ಲಿ ಬಂದು ಮೇಲಿನ ವಾರ್ಡಿನಲ್ಲಿ ರಕ್ತ ಕೊಡುತ್ತಾರೆ. ಆ ಟ್ಯೂಬುಗಳು ಬೆಳ್ಳಿ ಬಣ್ಣದ ಹಾಳೆ ಸುತ್ತಿಕೊಂಡು ಅರ್ಧ ಗಂಟೆಯೊಳಗೆ ಅಕ್ಕನ ಕೈ ಸೇರಬೇಕು. ಯಂತ್ರದಲ್ಲಿ ತಿರುಗಿಸಿ, ತಿಳಿಯನ್ನು ಬೇರೆ ಮಾಡಿ, ಸಿ ಜೀವಸತ್ವ ಅಳೆಯಲು ತೆಗೆದಿಟ್ಟ ಪಾಲಿಗೆ ಆಸಿಡ್ ಬೆರೆಸಿ ಫ್ರೀಜರಿಗೆ ಸೇರಿಸುವುದು ಅವರ ಕೆಲಸ. “ಈ ವಿಟಮಿನ್ನುಗಳು ಹೊಸ ಅಳಿಯಂದಿರ ಥರ. ಬೆಳಕು ಬಿತ್ತು, ಬಿಸಿ ತಾಗ್ತು ಅಂತ ಉಪಚಾರದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಮುನಿಸ್ಕೊಂಡು ಹೊರಟೇಬಿಡ್ತವೆ.” ದಿನಕ್ಕೆ ಹದಿನೆಂಟು ಟ್ಯೂಬು, ಇಪ್ಪತ್ತೆರಡು ವರ್ಷ. ಥಂಡಿಗೆ ಬೆರಳ ತುದಿಗಳು ಮರಗಟ್ಟಿ, ಈಗ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ.

ಈ ರೋಗಿಗಳ ರಕ್ತದಲ್ಲಿ ಜೀವಸತ್ವಗಳು, ಆ್ಯಂಟಿಆಕ್ಸಿಡೆಂಟ್‌ಗಳು ಕಡಿಮೆಯಿವೆಯೇ, ಮಾತ್ರೆ ಕೊಡಬೇಕೇ ಎಂಬುದು ದೊಡ್ಡ ಡಾಕ್ಟರ ಸಂಶೋಧನೆ. ಅದರ ಮೂರನೆಯ ವರ್ಷ ಒಮ್ಮೆಲೇ ಅರವತ್ತು ಟ್ಯೂಬುಗಳಲ್ಲಿ ಅಂಕಿಗಳು ಪಾತಾಳಕ್ಕಿಳಿದವು. ಡಾಕ್ಟರಿಗೆ ಸ್ವರ್ಗಕ್ಕೆ ಮೂರೇ ಗೇಣು! ಅಕ್ಕನಿಗೆ ಮಾತ್ರ ಅನುಮಾನ.

“ಸರ್, ಇಷ್ಟು ಕಮ್ಮಿ ಇದ್ರೆ ಇವ್ರ ಒಸಡಲ್ಲಿ ರಕ್ತ ಬರ್ಬೇಕಿತ್ತು. ಅಂಥದ್ದೇನೂ ಕಾಣ್ತಿಲ್ಲ.”

“ನೀವು ಟ್ಯೂಬ್ ನೋಡ್ಕೊಳ್ಳಿ. ಅದರ ಅರ್ಥ ನಾನು ನೋಡ್ಕೋತೀನಿ.”

ಅಕ್ಕ ಸುಮ್ಮನಾಗಲಿಲ್ಲ. ಬೆಳಿಗ್ಗೆಯೇ ವಾರ್ಡಿಗೆ ಹೋಗಿ ನಿಂತರು. ಹೊಸದಾಗಿ ಬಂದ ನರ್ಸುಗಳು ಟ್ಯೂಬಿನ ಮೇಲಿನ ನಂಬರು ಓದಲೆಂದು ಹಾಳೆ ಬಿಚ್ಚಿ, ಎಲ್ಲವನ್ನೂ ಕಿಟಕಿಕಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಪುಸ್ತಕದಲ್ಲಿ ಬರೆದುಕೊಂಡು, ಮತ್ತೆ ನೀಟಾಗಿ ಸುತ್ತುತ್ತಿದ್ದರು. ಅಷ್ಟು ಹೊತ್ತೂ ಟ್ಯೂಬುಗಳಿಗೆ ಎಳೆಬಿಸಿಲು! “ಪಾಪ, ಅಚ್ಚುಕಟ್ಟಾಗಿ ಮಾಡೋಕೆ ಹೋಗಿ ಆದ ಎಡವಟ್ಟು. ನಂಬರನ್ನ ಹಾಳೆ ಮೇಲೇ ಅಂಟಿಸಿ ಅಂತ ಅವರಿಗೆ ಯಾರೂ ಹೇಳಿರ್ಲಿಲ್ಲ,” ಎನ್ನುತ್ತಾರೆ.

ಬಾಯಿಮಾತನ್ನು ಡಾಕ್ಟರು ನಂಬುವವರಲ್ಲ. ಅಕ್ಕ ತಮ್ಮದೇ ರಕ್ತ ತೆಗೆಸಿ ಎರಡು ಟ್ಯೂಬು ಮಾಡಿದರು. ಒಂದಕ್ಕೆ ಹಾಳೆ ಸುತ್ತಿದರು, ಇನ್ನೊಂದನ್ನು ಕಿಟಕಿಯಲ್ಲಿಟ್ಟರು. ಕಿಟಕಿಯದರಲ್ಲಿ ಅಂಕಿ ಅರ್ಧಕ್ಕೂ ಕೆಳಗೆ. ಫಲಿತಾಂಶದ ಎರಡೂ ಚೀಟಿಗಳನ್ನು ಮೇಜಿನ ಮೇಲಿಟ್ಟ ದಿನ ಡಾಕ್ಟರು ಆ ಅರವತ್ತೂ ಅಂಕಿಗಳನ್ನು ಪಟ್ಟಿಯಿಂದ ಹೊಡೆದುಹಾಕಿದರು.

ಅರವತ್ತು ಜನರನ್ನು ಮತ್ತೆ ಕರೆಸುವ ಕೆಲಸವೂ ಅಕ್ಕನ ತಲೆಗೇ ಬಂತು. ರಜೆಯಲ್ಲಿ ಮನೆಮನೆ ಅಲೆದರು. ದಿನಕ್ಕೆ ಹದಿನೈದು ಸಲ ಶೌಚಾಲಯಕ್ಕೆ ಓಡುವ ದರ್ಜಿಯೊಬ್ಬರು ಹೊಲಿಗೆ ನಿಲ್ಲಿಸಿ ಕೇಳಿದರಂತೆ, “ನನ್ ರಕ್ತ ಚೆಲ್ಲಿಬಿಟ್ರಾ ಅಕ್ಕಾ?”

“ಚೆಲ್ಲಿಲ್ಲಪ್ಪ, ಹಾಳ್ಮಾಡಿದ್ವಿ. ತಪ್ಪು ನಮ್ದು.”

ದರ್ಜಿ ಮರುದಿನವೇ ಬಂದು ತೋಳು ಚಾಚಿದರು. ಐವತ್ತಾರು ಮಂದಿ ಬಂದರು.

ಕಳೆದ ವರ್ಷ ಪ್ರಬಂಧ ಪ್ರಕಟವಾಯಿತು. ಜೀವಸತ್ವಗಳು ಕಡಿಮೆ ಇರುವುದು ನಿಜ, ಆದರೆ ಹಿಡಿ ಹಿಡಿ ಮಾತ್ರೆ ನುಂಗಿಸುವಷ್ಟಲ್ಲ ಎಂಬ ಸತ್ಯ ಅದರಲ್ಲಿದೆ. ಎಂಟು ಹೆಸರುಗಳಿವೆ. ಅವರಲ್ಲಿ ಇಬ್ಬರಿಗೆ ಕತ್ತಲೆಕೋಣೆಯ ಬಾಗಿಲು ಯಾವ ಕಡೆಗಿದೆ ಎಂಬುದೂ ತಿಳಿಯದು. ಕೊನೆಯಲ್ಲಿ ಫ್ರೀಜರ್ ಕೊಟ್ಟ ಕಂಪನಿಗೆ ಕೃತಜ್ಞತೆ ಹೇಳಲಾಗಿದೆ. ಫ್ರೀಜರಿಗೆ ಸಂದ ಮರ್ಯಾದೆ ಅದನ್ನು ದಿನವೂ ತೆರೆದು ಮುಚ್ಚಿದ ಕೈಗಳಿಗಿಲ್ಲ! ಟೆಕ್ನಿಷಿಯನ್ನರ ಹೆಸರು ಹಾಕುವ ‘ಪದ್ಧತಿ ಇಲ್ಲ’ವಂತೆ. ಸುಳ್ಳು ಅಚ್ಚಾಗದಂತೆ ತಡೆದವರ ಹೆಸರು ಹಾಕಲಾಗದ ಆ ಪದ್ಧತಿಗೆ ನಾಚಿಕೆಯಾಗಬೇಕು.

ಪ್ರಬಂಧವನ್ನು ಮನೆಗೆ ಒಯ್ದಾಗ ಮಗಳು ಸಾಲು ಸಾಲಿನ ಮೇಲೂ ಬೆರಳಾಡಿಸಿ, ಹಾಳೆ ತಿರುವಿ ತಿರುವಿ ಕೇಳಿದಳು: “ಅಮ್ಮಾ, ನೀನೆಲ್ಲಿ?”

“ಅಡುಗೆಮನೆಗೆ ಹೋಗಿ ಅತ್ಬಿಟ್ಟೆ. ಸುಳ್ಳು ಯಾಕೆ ಹೇಳ್ಲಿ,” ಎನ್ನುತ್ತಾರೆ ಅಕ್ಕ.

ಈಗ ಅವೇ ಅಂಕಿಗಳ ಮೇಲೆ ಎರಡನೆಯ ಪ್ರಬಂಧ ಸಿದ್ಧವಾಗಿದೆ. ತಿಂಗಳ ಕೊನೆಗೆ ಅದು ಅಚ್ಚಿಗೆ ಹೊರಡುತ್ತದೆ, ಅದಾಗಿ ಎಂಟು ವಾರಕ್ಕೆ ಅಕ್ಕನ ನಿವೃತ್ತಿ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿ, ತಮ್ಮ ಹೆಸರನ್ನೂ ಹಾಕಿ ಎಂದು ಅಕ್ಕ ಡಾಕ್ಟರಿಗೆ ಪತ್ರ ಬರೆದಿದ್ದಾರೆ. ಉತ್ತರ ಬಂದಿಲ್ಲ.

“ಕೆಲ್ಸಾನೇ ನಂಗೆ ಸಾಕು, ಹೆಸರು ಬೇಡ ಅಂತೀನಿ ಅಂದ್ಕೊಂಡ್ರಾ? ಬೇಕು ರೀ. ದಾನ ಏನೂ ಕೇಳ್ತಿಲ್ಲ, ನಂದೇ ಅದು.”

ಹಾಗಾದರೆ ಈ ಪುರವಣಿಯಲ್ಲಿ ಫೋಟೊದ ಕೆಳಗೆ ಯಾವ ಹೆಸರು ಹಾಕೋಣ ಎಂದರೆ, ಅಕ್ಕ ಕೈಗವಸು ಕಳಚುತ್ತಾ ತಲೆಯಾಡಿಸುತ್ತಾರೆ.

“ಇಲ್ಲಿ ಬೇಡ. ಮೊದ್ಲು ಅಲ್ಲಿ ಬರ್ಲಿ.”