ಬಿಟ್ಟುಹೋದ ‘ಅಂತೆ’

ಅವರು ಹೇಡಿ. ಈಗ ಅವರಿಲ್ಲ ಎಂಬ ಕಾರಣಕ್ಕೆ ಈ ಮಾತನ್ನು ಮೆತ್ತಗೆ ಮಾಡುವ ಉದ್ದೇಶ ನನಗಿಲ್ಲ.

ಮೂವತ್ತೊಂದು ವರ್ಷ ಒಂದೇ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದರು. ಅದರಲ್ಲಿ ಹನ್ನೊಂದು ವರ್ಷ ನಾನು ಆ ಕಾಲೇಜಿನ ಪ್ರಾಂಶುಪಾಲಳಾಗಿದ್ದೆ. ಅಷ್ಟೂ ಕಾಲದಲ್ಲಿ ಅವರು ಒಂದೇ ಒಂದು ಮಾತನ್ನೂ ತಮ್ಮದೆಂದು ಹೇಳಿದ್ದನ್ನು ನಾನು ಕೇಳಲಿಲ್ಲ. ಪ್ರತಿ ವಾಕ್ಯದ ಬಾಲಕ್ಕೂ ಒಂದು ‘ಅಂತೆ’ ಇರುತ್ತಿತ್ತು. ಕಾನೂನಿನ ಮುಂದೆ ಎಲ್ಲರೂ ಸಮಾನರಂತೆ. ಅಧಿಕಾರ ಜನರ ಕೈಯಲ್ಲಿದೆಯಂತೆ. ಹುಡುಗರು ಅವರಿಗೆ ಅಂತೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ ಯಾರಾದರೂ “ಬಂದಿದೀನಂತೆ ಸಾರ್” ಎಂದರೆ ತಾವೂ ನಕ್ಕು ಹಾಜರಿ ಹಾಕುತ್ತಿದ್ದರು.

ಹೊಲಿಗೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ತಮ್ಮ ಅಕ್ಕನೊಂದಿಗೆ ಇದ್ದರು. ಇಬ್ಬರೇ. ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಲೆ ಮೇಜಿನ ಮೇಲಿನ ಲೋಟ ನಡುಗುತ್ತಿತ್ತು. ಒಮ್ಮೆ ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದೆ. ಅಕ್ಕ ಚಹಾ ತಂದಿಟ್ಟು, “ಸಕ್ಕರೆ ಸರಿಯಾಗಿದೆಯೇನೋ?” ಎಂದು ತಮ್ಮನನ್ನು ಕೇಳಿದರು.

“ಆಗಿದೆಯಂತೆ.”

“ಕುಡಿದವನು ನೀನು, ಇನ್ಯಾರು ಬಂದು ಹೇಳಿದ್ರೋ ನಿಂಗೆ? ನೋಡಿ ಮೇಡಂ, ನಾಲಿಗೆನ ಪಕ್ಕದ ಮನೇಲಿಟ್ಟು ಬಂದಿದಾನೆ.”

ನಾನು ನಗಲಿಲ್ಲ. ತರಗತಿಯಲ್ಲಿ ಸ್ವಂತ ರಾಜಕೀಯ ಅಭಿಪ್ರಾಯ ಹೇಳಕೂಡದು ಎಂಬ ನಿಯಮ ಮಾಡಿದವಳು ನಾನೇ. ಇಂದಿಗೂ ಅದು ಸರಿಯೆಂದೇ ನನ್ನ ಎಣಿಕೆ. ಮಕ್ಕಳ ಅಂಕ ನಮ್ಮ ಕೈಯಲ್ಲಿರುವಾಗ ನಮ್ಮ ಅಭಿಪ್ರಾಯ ಅಭಿಪ್ರಾಯವಾಗಿ ಉಳಿಯುವುದಿಲ್ಲ, ಅಪ್ಪಣೆಯಾಗುತ್ತದೆ. ಆದರೆ ಅಭಿಪ್ರಾಯವನ್ನು ಹೇಳದಿರುವುದು ಬೇರೆ, ಅಭಿಪ್ರಾಯವೇ ಇಲ್ಲದಿರುವುದು ಬೇರೆ. ಇವರು ಎರಡನೆಯ ಜಾತಿಯವರು ಎಂದುಕೊಂಡಿದ್ದೆ.

ಅವರದೇ ಹಳೆಯ ವಿದ್ಯಾರ್ಥಿನಿಯೊಬ್ಬಳು ಅದೇ ವಿಭಾಗಕ್ಕೆ ತಾತ್ಕಾಲಿಕ ಅಧ್ಯಾಪಕಿಯಾಗಿ ಬಂದಳು. ಕರೆದುಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದವರೂ ಅವರೇ. “ಚೆನ್ನಾಗಿ ಪಾಠ ಮಾಡ್ತಾಳಂತೆ ಮೇಡಂ” ಎಂದಿದ್ದರು. ದೊಡ್ಡ ಕೋಣೆಯೊಂದಕ್ಕೆ ನಡುವೆ ಹಲಗೆ ಬಡಿದು ಎರಡು ತರಗತಿ ಮಾಡಿದ್ದೆವು. ಈ ಕಡೆ ಅವರು, ಆ ಕಡೆ ಅವಳು. ಅಧ್ಯಾಪಕರ ಕೊಠಡಿಯಲ್ಲಿ ಅವಳು ಅವರನ್ನು ಕೆಣಕುವುದು ನನ್ನ ಕೋಣೆಗೂ ಕೇಳಿಸುತ್ತಿತ್ತು.

“ಹುಡುಗರು ನೇರವಾಗಿ ಕೇಳಿದ್ರೆ ಏನು ಮಾಡ್ತೀರಾ ಸಾರ್?”

“ಪುಸ್ತಕದಲ್ಲಿದೆಯಂತೆ, ನೋಡ್ಕೊಳ್ಳಿ ಅಂತೀನಮ್ಮ.”

“ಪುಸ್ತಕದ್ದು ಬಿಡಿ. ನಿಮ್ಮ ತಲೇಲಿ ಏನಿದೆ?”

“ಕೂದಲು ಇತ್ತಂತೆ.”

ಆರನೆಯ ವರ್ಷ ಅವಳ ಕೆಲಸ ಕಾಯಂ ಆಗುವುದಿತ್ತು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ತಂಗಿ ಇನ್ನೂ ಓದುತ್ತಿದ್ದಳು. ಆಗ ಚುನಾವಣೆ ಬಂತು. ಪೋಷಕರೊಬ್ಬರು ದೂರು ಬರೆದರು: ಇಂಥ ಪಕ್ಷಕ್ಕೆ ವೋಟು ಹಾಕಬೇಡಿ ಎಂದು ಅಧ್ಯಾಪಕಿ ತರಗತಿಯಲ್ಲಿ ಹೇಳಿದ್ದಾರೆ. ಆಡಳಿತ ಮಂಡಳಿ ವಿಚಾರಣೆಗೆ ಮೂವರನ್ನು ನೇಮಿಸಿತು. ನಾನು ಅಧ್ಯಕ್ಷೆ.

ಅವಳು ಮುಚ್ಚುಮರೆ ಮಾಡಲಿಲ್ಲ. “ನೀವು ಹಾಕ್ತೀರಾ ಅಂತ ಒಬ್ಬ ಹುಡುಗ ಕೇಳಿದ. ನಾನು ಹಾಕಲ್ಲ ಅಂದೆ. ನಿನಗೆ ಬೇರೆ ಅನ್ನಿಸಿದ್ರೆ ಕಾರಣ ಬರ್ಕೊಂಡು ಬಾ, ಎಲ್ಲರೂ ಓದೋಣ ಅಂದೆ. ಹಾಕಬೇಡಿ ಅನ್ನಲಿಲ್ಲ ಮೇಡಂ.”

‘ಹಾಕಲ್ಲ’ ಎಂದಿದ್ದರೆ ಎಚ್ಚರಿಕೆ ಕೊಟ್ಟು ಬಿಡಬಹುದಿತ್ತು. ‘ಹಾಕಬೇಡಿ’ ಎಂದಿದ್ದರೆ ಕೆಲಸ ಹೋಗುತ್ತಿತ್ತು. ವಿದ್ಯಾರ್ಥಿಗಳಲ್ಲಿ ಅರ್ಧ ಜನ ಹೀಗೆ, ಅರ್ಧ ಜನ ಹಾಗೆ ಹೇಳಿದರು. ಉಳಿದ ಒಬ್ಬರೇ ಸಾಕ್ಷಿ ಹಲಗೆಯ ಈಚೆ ಇದ್ದ ಮೇಷ್ಟ್ರು.

ಅವರು ಕುರ್ಚಿಯ ತುದಿಯಲ್ಲಿ ಕುಳಿತರು. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಿಸಿದರು.

“ಆ ದಿನ ಅವರು ಏನು ಹೇಳಿದರು?” ಎಂದು ಕೇಳಿದೆ.

“ಹಾಕಬೇಡಿ ಅಂದ್ರಂತೆ.”

ಗುಮಾಸ್ತ ಟೈಪು ಮಾಡಿದ. ಮಾತಿನ ಕನ್ನಡವನ್ನು ಬರಹದ ಕನ್ನಡಕ್ಕೆ ತಿರುಗಿಸುವುದು ಅವನಿಗೆ ಇಪ್ಪತ್ತು ವರ್ಷದ ರೂಢಿ. ಹಾಳೆ ಹೊರಬಂದಾಗ ಅದರಲ್ಲಿ ಇದ್ದದ್ದು: ‘ಹಾಕಬೇಡಿ ಎಂದರು.’

ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು.

“ಇಲ್ಲೊಂದು ಅಂತೆ ಬಿಟ್ಟುಹೋಗಿದೆ ಮೇಡಂ.”

ಮೂರು ತಾಸಿನಿಂದ ಅದೇ ಕೋಣೆಯಲ್ಲಿ ಕುಳಿತಿದ್ದೆ. ಉಳಿದ ಇಬ್ಬರು ಸದಸ್ಯರು ನಕ್ಕರು. “ಮೇಷ್ಟ್ರೇ, ನೀವು ಮಾತಾಡೋ ಹಾಗೆಲ್ಲ ದಾಖಲೆ ಬರೆಯೋಕಾಗಲ್ಲ. ಸಹಿ ಹಾಕಿ” ಎಂದೆ.

ಅವರು ನನ್ನ ಮುಖ ನೋಡಿದರು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಸಹಿ ಹಾಕಿದರು.

ಅವಳನ್ನು ತೆಗೆದುಹಾಕಿದೆವು. ಆದೇಶ ತೆಗೆದುಕೊಂಡ ದಿನ ಅವಳು ಮೆಟ್ಟಿಲ ಬಳಿ ನನಗೆ ಸಿಕ್ಕಳು. ಅಳುತ್ತಿರಲಿಲ್ಲ.

“ಸಾರ್ ನಿಜವಾಗಿ ಹಾಗೆ ಹೇಳಿದ್ರಾ ಮೇಡಂ? ಆವಾಗ ಅವರೂ ಪಾಠ ಮಾಡ್ತಿದ್ರಲ್ಲ. ಅವರ ದನಿ ನನಗೆ ಕೇಳಿಸ್ತಿತ್ತು. ನನ್ನ ಮಾತು ಅವರಿಗೆ ಹೇಗೆ ಕೇಳಿಸುತ್ತೆ?”

“ಸಹಿ ಇದೆ” ಎಂದೆ. ಇದ್ದದ್ದನ್ನೇ ಹೇಳಿದೆ. ಮೆಟ್ಟಿಲು ಹತ್ತುವಾಗ ಅರ್ಥವಾಯಿತು. ಅಂದು ಆ ‘ಅಂತೆ’ ರೂಢಿಯಲ್ಲ. ಅವರು ಕೇಳಿಸಿಕೊಂಡಿರಲಿಲ್ಲ. ಯಾರೋ ಹುಡುಗರು ಬಂದು ಹೇಳಿದ್ದನ್ನು, ಬೇರೆಯವರು ಹೇಳಿದ್ದು ಎಂದೇ ನಮಗೆ ಹೇಳಿದ್ದರು. ಆದರೆ ವಿಚಾರಣೆ ಮುಗಿದಿತ್ತು, ಮಂಡಳಿ ಒಪ್ಪಿತ್ತು. ನಾನು ಕಡತ ತೆರೆಯಲಿಲ್ಲ.

ಅವಳು ಔಷಧಿ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದಳು. ತಂಗಿಯ ಓದು ನಿಂತಿತು. ಮೇಷ್ಟ್ರು ಅಕ್ಕನ ರಕ್ತದೊತ್ತಡದ ಮಾತ್ರೆ ತರುತ್ತಿದ್ದದ್ದು ಅದೇ ಅಂಗಡಿಯಿಂದ. ಬೇರೆ ಅಂಗಡಿಗಳೂ ಇದ್ದವು, ಆದರೆ ಅವರು ಅಲ್ಲಿಗೇ ಹೋಗುತ್ತಿದ್ದರಂತೆ, ಸರದಿಯಲ್ಲಿ ನಿಲ್ಲುತ್ತಿದ್ದರಂತೆ. ಅವಳು “ಚೀಟಿ ಕೊಡಿ” ಎನ್ನುವಳು. ಸಾರ್ ಎನ್ನುತ್ತಿರಲಿಲ್ಲ. ಅವರು ಕೊಟ್ಟು, ಮಾತ್ರೆ ತೆಗೆದುಕೊಂಡು, ಸ್ವಲ್ಪ ಹೊತ್ತು ನಿಂತು ಹೊರಟುಹೋಗುವರು. ಇದನ್ನು ನನಗೆ ಹೇಳಿದವರು ಅವರ ಅಕ್ಕ.

“ಈಗ ಮನೇಲಿ ಅಂತೆಯೂ ಇಲ್ಲ, ಕಂತೆಯೂ ಇಲ್ಲ ಮೇಡಂ. ಹ್ಞೂಂ, ಊಹ್ಞೂಂ, ಅಷ್ಟೆ. ಏನಾಯ್ತೋ ಅಂದ್ರೆ ಗೋಡೆ ಕಡೆ ತಿರುಗಿ ಮಲಗ್ತಾನೆ.”

ತರಗತಿಯಲ್ಲೂ ಹಾಗೆಯೇ ಆಯಿತು. ಪುಸ್ತಕ ತೆರೆದು ಓದಿಸಿ ಮುಚ್ಚುತ್ತಿದ್ದರು. ಹುಡುಗರು ಅಣಕಿಸುವುದನ್ನೂ ಬಿಟ್ಟರು. ಎರಡು ವರ್ಷ ಹೀಗೆ ಕಳೆದವು.

ನಿವೃತ್ತಿಯ ದಿನ ಮಧ್ಯಾಹ್ನ, ಬೀಳ್ಕೊಡುಗೆಗೆ ಒಂದು ಗಂಟೆ ಮುಂಚೆ, ನನ್ನ ಕೋಣೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಕುಳಿತುಕೊಳ್ಳಲಿಲ್ಲ.

“ಆ ವಿಚಾರಣೆ ಕಡತ ನೋಡಬೇಕಿತ್ತು.”

“ಈಗ ಯಾಕೆ ಮೇಷ್ಟ್ರೇ? ಅದು ಮುಗಿದುಹೋಯಿತು.”

“ಹೌದು, ಮುಗೀತು.”

ಮುಗಿದ ಕಡತವನ್ನು ತೋರಿಸಬೇಕಾದ ಅಗತ್ಯ ನನಗಿರಲಿಲ್ಲ. ಆದರೂ ಗುಮಾಸ್ತನಿಗೆ ಹೇಳಿ ತರಿಸಿದೆ. ಮೇಷ್ಟ್ರು ನಿಂತೇ ಹಾಳೆ ತಿರುವಿ ತಮ್ಮ ಹೇಳಿಕೆ ಹುಡುಕಿದರು. ಜೇಬಿನಿಂದ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ತೆಗೆದರು. ‘ಎಂದರು’ ಎಂಬಲ್ಲಿ ಒಂದು ಹಂಸಪಾದ ಹಾಕಿ, ಸಾಲಿನ ಮೇಲೆ ಪುಟ್ಟದಾಗಿ ‘ಅಂತೆ’ ಎಂದು ಬರೆದರು.

ಗುಮಾಸ್ತ ಗಾಬರಿಯಾದ. “ಸಾರ್, ಏನ್ ಮಾಡ್ತಿದೀರಾ! ಇದು ದಾಖಲೆ ತಿದ್ದಿದ ಹಾಗಾಗುತ್ತೆ. ಮಂಡಳಿಯವರು ನೋಡಿದ್ರೆ ನಿಮ್ಮ ಪಿಂಚಣಿ ತಡೀತಾರೆ!”

“ತಡೀತಾರೆ” ಎಂದರು ಮೇಷ್ಟ್ರು.

ತಿದ್ದುಪಡಿಯ ಪಕ್ಕದಲ್ಲಿ ಪೂರ್ತಿ ಸಹಿ ಹಾಕಿದರು. ಅದರ ಕೆಳಗೆ ಎರಡು ವರ್ಷದ ಹಿಂದಿನ ತಾರೀಕು ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮೇಷ್ಟ್ರು ಗೋಡೆಯ ಕ್ಯಾಲೆಂಡರಿನತ್ತ ಒಮ್ಮೆ ನೋಡಿ, ಅಂದಿನ ತಾರೀಕನ್ನೇ ಬರೆದರು.