ದರ್ಜಿಯವರದಲ್ಲದ ಬೆಕ್ಕು

ನಮ್ಮ ಬೀದಿಯ ದರ್ಜಿಯವರು ಅಂಗಡಿಯ ಹಿಂದೆ ಸುಳಿಯುವ ಅರೆಪಳಗಿದ ಬೆಕ್ಕನ್ನು ತಮ್ಮದೆಂದು ಎಂದೂ ಒಪ್ಪಿದವರಲ್ಲ. ಆದರೆ ಅದರ ಬೆನ್ನಿಗೆ ಕಜ್ಜಿ ಹತ್ತಿದಂದಿನಿಂದ ಅವರಿಗೆ ಅನ್ನ ಸೇರದು. ಗಿರಾಕಿಯ ಕೋಟು ಹೊಲಿಯಲೆಂದು ತಂದ ದಪ್ಪ ಬಟ್ಟೆಯನ್ನೇ ಕೈಗೆ ಸುತ್ತಿ, ದಂಡಯಾತ್ರೆಗೆ ಹೊರಟ ಅರಸನಂತೆ ಅದನ್ನು ಸೆರೆಹಿಡಿದು ಪಶುವೈದ್ಯರಲ್ಲಿಗೆ ಒಯ್ಯುವರು. “ನಿಮ್ಮ ಬೆಕ್ಕಾ?” ಎಂದು ವೈದ್ಯರು ಕೇಳಿದರೆ, “ಛೇ, ಯಾರದೋ!” ಎನ್ನುವರು, ಮರುಕ್ಷಣವೇ, “ಮೆಲ್ಲಗೆ ಸಾರ್, ಎಡಗಿವಿ ಮುಟ್ಟಿದ್ರೆ ಅವಳಿಗೆ ಆಗಲ್ಲ,” ಎಂದು ಗದರುವರು. ವೈದ್ಯರು ಕೊಟ್ಟ ಮುಲಾಮು ಹಚ್ಚುವ ತಮ್ಮ ಕೈಯನ್ನು ಅದು ನಂಬದೆಂದು ಅರಿತು, ತಾವೇ ಇಡುತ್ತಿದ್ದ ಹಾಲಿನ ಬಟ್ಟಲನ್ನು ಮಡದಿಗೆ ಒಪ್ಪಿಸಿದ್ದಾರೆ: “ಇನ್ಮೇಲೆ ನೀನೇ ಇಡು ಕಣೇ. ನನ್ನ ಮೇಲಿನ ಸಿಟ್ಟಿಗೆ ಅದು ಬರೋದನ್ನೇ ಬಿಟ್ರೆ ಔಷಧಿ ಯಾರಿಗೆ ಹಚ್ಚೋದು?” ಈಗ ಬೆಕ್ಕು ಆಕೆಯ ಕಾಲಿಗೆ ಮೈಯುಜ್ಜುವಾಗ, ದರ್ಜಿಯವರು ಹೊಲಿಗೆಯಂತ್ರ ನಿಲ್ಲಿಸಿ, ಕದದ ಮರೆಯಿಂದ ಅದರ ಬೆನ್ನಿನ ಹೊಸ ರೋಮವನ್ನಷ್ಟೇ ನೋಡಿ ಹಿಂದಿರುಗುತ್ತಾರೆ.