ಲೋಕಲ್ ರೈಲಿನ ಸರ್ವೆ

ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಲೋಕಲ್ ರೈಲು ಬಿಟ್ಟರೆ ಜನ ಹತ್ತುತ್ತಾರೋ ಇಲ್ಲವೋ ಎಂದು ನೋಡಲು ಯಾವುದೋ ಕಂಪನಿಯವರಿಬ್ಬರು ನಮ್ಮ ಎಸ್‌ಟಿ ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಆ ರೈಲಿಗಾಗಿ ನನ್ನಷ್ಟು ಹಂಬಲಿಸಿದವರು ಊರಲ್ಲಿ ಇರಲಿಲ್ಲ. ನನ್ನ ನೌಕರಿ ಊರಲ್ಲೇ. ಹೆಂಡತಿಯದು ಸೋಲಾಪುರದ ಟವೆಲ್ ಕಾರ್ಖಾನೆಯ ಆಫೀಸಿನಲ್ಲಿ. ಮಗಳು ಏಳುವ ಮೊದಲೇ ಅವಳು ಬಸ್ಸು ಹಿಡಿದು, ಮಗಳು ಮಲಗಿದ ಮೇಲೆ ಬರುತ್ತಿದ್ದಳು. ನಾಲ್ಕು ವರ್ಷದ ಮಗುವಿಗೆ ತಾಯಿ ಸಿಗುತ್ತಿದ್ದುದು ರವಿವಾರ ಮಾತ್ರ. ರೈಲು ಬರದಿದ್ದರೆ ಸೋಲಾಪುರದಲ್ಲೇ ರೂಮು ಹಿಡಿಯುತ್ತೇನೆ, ಬಸ್ಸಿನಲ್ಲಿ ನಿಂತು ನಿಂತು ಬೆನ್ನು ಹೋಯಿತು ಎಂದು ಹೆಂಡತಿ ಹೇಳಿಬಿಟ್ಟಿದ್ದಳು.

ಸರ್ವೆಯವರು ಬೆಳಿಗ್ಗೆ ಆರಕ್ಕೇ ಬಸ್ಸು ಹತ್ತುವವರನ್ನು ತಡೆದು, ಎಲ್ಲಿಗೆ ಹೊರಟಿರಿ ಎಂದು ಮರಾಠಿಯಲ್ಲಿ ಕೇಳತೊಡಗಿದರು. ಹೊರಟವರನ್ನು ಎಲ್ಲಿಗೆ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟಂತೆಯೇ. ಕೇಳಿಯೇಬಿಟ್ಟರೆ ಮಾತು ಹಾರಿಸಬೇಕು.

ಗೋಡೆ ಕಟ್ಟುವ ಕೆಲಸಕ್ಕೆ ದಿನಾ ನಾಗಣಸೂರಿನಿಂದ ಬಂದು ಸೋಲಾಪುರದ ಬಸ್ಸು ಹತ್ತುವ ಗೌಂಡಿಯೊಬ್ಬ, ಊಟದ ಡಬ್ಬಿ ಹಿಡಿದುಕೊಂಡೇ, “ಎಲ್ಲೂ ಇಲ್ರಿ, ಇಲ್ಲೇ” ಎಂದ. ಅವನ ಹಿಂದಿನ ಹೆಂಗಸು, “ಸುಮ್ನ ನಿಂತೀನ್ರಿ” ಎನ್ನುತ್ತಲೇ ಬಸ್ಸು ಹತ್ತಿದಳು. ಸರ್ವೆಯವರು ಎಲ್ಲವನ್ನೂ ಪ್ರಾಮಾಣಿಕವಾಗಿ ಮೊಬೈಲಿನ ಫಾರ್ಮಿನಲ್ಲಿ ತುಂಬಿ ಕಳಿಸಿದರು.

ಹೆಂಡತಿಯನ್ನು ಬಿಡಲು ಹೋಗಿದ್ದ ನಾನು ಮಂದಿಗೆ ಬುದ್ಧಿ ಹೇಳಬೇಕೆಂದು ಮುಂದೆ ಹೋದೆ. ಅಷ್ಟರಲ್ಲಿ ಸರ್ವೆಯವರು ಅವಳನ್ನೇ ಕೇಳಿದರು. ಕೆಲಸದ ವೇಳೆ ಬದಲಿಸಿಕೊಡಿ ಎಂದು ಅವಳು ಸಾಹೇಬರನ್ನು ಕೇಳಬೇಕಾಗಿದ್ದ ದಿನ ಅದು. ಅಂಥ ದಿನವೇ ಅಡ್ಡ ಬಾಯಿ ಹಾಕಿದರಲ್ಲ ಎಂದು ನನಗೆ ಸಿಟ್ಟು ಬಂತು.

“ಎಲ್ಲೂ ಇಲ್ರಿ. ಇಲ್ಲೇ ಗುಡಿಗೆ ಬಂದೀವಿ,” ಎಂದು ಅವಳ ಪರವಾಗಿ ನಾನೇ ಹೇಳಿದೆ.

ಬಸ್ಸು ಹೋದ ಮೇಲೆ ನಾನು ಹೇಳಿದ್ದೇನೆಂದು ನನಗೇ ಹೊಳೆಯಿತು. ತಿದ್ದಿಸಲು ಹೋದರೆ, ಒಮ್ಮೆ ಕಳಿಸಿದ ಫಾರ್ಮು ವಾಪಸು ಬರುವುದಿಲ್ಲ ಎಂದರು.

ಕೆಲವು ತಿಂಗಳ ನಂತರ ವರದಿ ಬಂತು. ರೈಲಿಗೆ ಹಣ ಹಾಕುವಷ್ಟು ಪ್ರಯಾಣಿಕರು ಈ ದಾರಿಯಲ್ಲಿಲ್ಲವಂತೆ. ಊರವರು ಆ ಸುದ್ದಿಯನ್ನು ಬಸ್ಸಿನಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಓದಿದರು. ಘೋರ ಅನ್ಯಾಯ ಎಂದರು. ನಾನೂ ಎಂದೆ.

ಸಾಹೇಬರು ವೇಳೆ ಬದಲಿಸಲಿಲ್ಲ. ಹೆಂಡತಿ ರೂಮು ಹಿಡಿದಳು. “ನೀವೊಬ್ರು ಹೇಳಿದ್ದಕ್ಕ ರೈಲು ನಿಂತಿಲ್ಲ ಬಿಡ್ರಿ,” ಎಂದಳು. ಅವಳು ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಈಗ ಅವಳು ಶನಿವಾರ ಸಂಜೆ ಬರುತ್ತಾಳೆ. ಬಾಗಿಲಲ್ಲೇ ಚೀಲ ಇಟ್ಟು ಎರಡೂ ಕೈ ಚಾಚುತ್ತಾಳೆ. ಮಗಳು ನನ್ನ ಹಿಂದೆ ನಿಂತು, ಮನೆಗೆ ನೆಂಟರು ಬಂದಾಗ ನಾನು ಹೇಳುವ ಹಾಗೆಯೇ, “ಬರ್ರಿ, ಕುಂಡ್ರಿ” ಎನ್ನುತ್ತಾಳೆ.